ಬೋರ್ಡೋ ದ್ರಾವಣ: ಪೊಟ್ಟಣದ್ದಕ್ಕಿಂತ ತೋಟದಲ್ಲೇ ಕಲಸಿದ್ದು ಮೇಲು

ಮಳೆಗಾಲದಲ್ಲಿ ಕಾಯಿ ಕೊಳೆಸುವ ಅಡಿಕೆ ಕೊಳೆರೋಗಕ್ಕೆ ಪೇಟೆಯಲ್ಲಿ ಈಗ ಬಗೆಬಗೆಯ ಔಷಧಿ ಸಿಗುತ್ತದೆ. ಆದರೂ ಮಳೆಗಾಲ ಹಿಡಿಯುವ ಮುಂಚಿನ ಮೊದಲ ಸಿಂಪಡಣೆಗೆ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಕಲಸಿದ ಶೇ. 1ರ ಬೋರ್ಡೋ ದ್ರಾವಣವನ್ನೇ ನಾವು ಮೊದಲ ಸ್ಥಾನದಲ್ಲಿ ಇಡುತ್ತೇವೆ. ಸರಿಯಾಗಿ ಕಲಸಿರಬೇಕು, ಅಷ್ಟೇ. ಬೋರ್ಡೋ ಹೊಡೆದರೂ ಕೊಳೆ ಬಂತು ಎಂಬ ದೂರು ಬಂದ ಕಡೆ ಮೊದಲು ನೋಡಬೇಕಾದ್ದು ಮೈಲುತುತ್ತನ್ನಲ್ಲ, ಸುಣ್ಣವನ್ನು.

ಹೆಸರು ಫ್ರಾನ್ಸಿನ ಬೋರ್ಡೋ ನಗರದ್ದು. ಅಲ್ಲಿಯ ಮೆದೊಕ್ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಕಲಸಿ ಎರಚುತ್ತಿದ್ದರು. ಬೂಜುರೋಗಕ್ಕೆ ಉಳಿದ ಬಳ್ಳಿಗಳ ಎಲೆ ಉದುರಿದರೂ ಈ ನೀಲಿ ಬಳ್ಳಿಗಳ ಎಲೆ ನಿಂತದ್ದನ್ನು 1882ರಲ್ಲಿ ಕಂಡವರು ಅಲ್ಲಿನ ಸಸ್ಯವಿಜ್ಞಾನಿ ಮಿಲಾರ್ದೆ. 1885ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಗೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುವುದೇ ದಾರಿಯಾಗಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆಯ ಮೂಲ ಹುಡುಕಿ ಈ ಮದ್ದನ್ನು ಅಡಿಕೆಗೆ ತಂದರು. ಅವರ ವರದಿ 1910ರದ್ದು. ಬೋರ್ಡೋ ಊರಿನ ಹೆಸರು ನಮ್ಮ ತೋಟಕ್ಕೆ ಬಂದ ಹಾಗೆ ನಮ್ಮ ‘ಕೊಳೆರೋಗ’ ಎಂಬ ಮಾತು ಇಂಗ್ಲಿಷಿನ ಸಸ್ಯರೋಗ ಪುಸ್ತಕಗಳಿಗೆ ಹೋಯಿತು.

100 ಲೀಟರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಮೈಲುತುತ್ತಿನ ಹರಳು ಕಡುನೀಲಿಯಾಗಿರಲಿ. ಹಸಿರು ಛಾಯೆ ಇದ್ದರೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಬೆರೆತಿರುವ ಅನುಮಾನ, ಬಿಟ್ಟುಬಿಡಿ. ಹರಳನ್ನು ಬಕೆಟ್ಟಿನ ತಳಕ್ಕೆ ಸುರಿದರೆ ಬೆಳಗಿನವರೆಗೂ ಕರಗದೆ ಕೂತಿರುತ್ತದೆ. ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಷ್ಟು ಇಳಿಬಿಡಿ. ಕರಗಿದ ಭಾರದ ನೀರು ತಾನೇ ಕೆಳಗಿಳಿಯುತ್ತದೆ, ರಾತ್ರಿ ಕಳೆಯುವುದರಲ್ಲಿ ಚೀಲ ಖಾಲಿ.

ಸುಣ್ಣದ ವಿಷಯದಲ್ಲಿ ರಾಜಿ ಬೇಡ. ಹೊಸದಾಗಿ ಸುಟ್ಟ ಗಟ್ಟಿ ಸುಣ್ಣವೇ ಬೇಕು, ಚಿಪ್ಪಿನದಾದರೂ ಕಲ್ಲಿನದಾದರೂ ಸರಿ. ನೀರು ಚಿಮುಕಿಸಿದರೆ ಬುಸುಗುಟ್ಟಿ, ಕಾದು, ಅರಳಿ ಪುಡಿಯಾಗಬೇಕು. ಹೋದ ವರ್ಷದ ಚೀಲದಲ್ಲಿ ಗಾಳಿಗೆ ತಾನಾಗಿ ಪುಡಿಯಾದದ್ದು ಸೀಮೆಸುಣ್ಣಕ್ಕೆ ಸಮ. ಎಷ್ಟು ಸುರಿದರೂ ಮೈಲುತುತ್ತಿನ ಹುಳಿ ಸರಿಯಾಗಿ ಮುರಿಯದು. ರಸಾಯನದ ಲೆಕ್ಕದಲ್ಲಿ ಒಂದು ಕಿಲೋ ಮೈಲುತುತ್ತಿಗೆ ಶುದ್ಧ ಸುಟ್ಟ ಸುಣ್ಣ ಕಾಲು ಕಿಲೋಗೂ ಕಡಿಮೆ ಸಾಕು. ಪೇಟೆಯ ಸುಣ್ಣವನ್ನು ನಂಬಲಾಗದೆ ಸಮತೂಕ ಹಾಕುತ್ತೇವೆ. ಅತಿಯಾದರೂ ತೊಂದರೆಯೇ: ನಾಝಲ್ ಕಟ್ಟುತ್ತದೆ, ತಾಮ್ರ ಬಿಡುಗಡೆಯಾಗುವುದು ತಡವಾಗುತ್ತದೆ.

ಮೈಲುತುತ್ತನ್ನು 10 ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೊಂದು 10 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ. ಸುಣ್ಣದ ತಿಳಿಗಂಜಿ ಪೂರ್ತಿ ಆರಬೇಕು. ಬಿಸಿ ಇದ್ದಾಗಲೇ ಕಲಸಿದರೆ ದ್ರಾವಣ ಕಪ್ಪಾಗಿ, ಕಣ ದಪ್ಪವಾಗಿ ಬೇಗ ತಳ ಸೇರುತ್ತದೆ. 80 ಲೀಟರ್ ನೀರಿರುವ ಡ್ರಮ್ಮಿಗೆ ಎರಡನ್ನೂ ಬಟ್ಟೆಯಲ್ಲಿ ಸೋಸಿ, ಇಬ್ಬರು ನಿಂತು ಒಟ್ಟಿಗೆ ಸುರಿಯುತ್ತ ಕೋಲಿನಲ್ಲಿ ಕಲಕುತ್ತಿರಿ. ಒಬ್ಬರೇ ಇದ್ದರೆ ಸುಣ್ಣಕ್ಕೆ ಮೈಲುತುತ್ತು ಹುಯ್ಯಿರಿ, ತಿರುಗುಮುರುಗು ಮಾಡಬೇಡಿ. ಪಾತ್ರೆಯೆಲ್ಲ ಪ್ಲಾಸ್ಟಿಕ್ ಅಥವಾ ಮರದ್ದು. ಕಬ್ಬಿಣ, ತಗಡಿನ ಡಬ್ಬ ತೂತು ಬೀಳುವುದಲ್ಲದೆ ತಾಮ್ರವೂ ಅಲ್ಲೇ ಕೂರುತ್ತದೆ.

ಚೆನ್ನಾಗಿ ಬಂದದ್ದು ಆಕಾಶನೀಲಿ, ಕೈಗೆ ನುಣುಪಾದ ಲೋಳೆಯಂತೆ. ನಿಧಾನಕ್ಕೆ ತಳ ಸೇರುತ್ತದೆ. ಹಸಿರು ಹೊಡೆದರೆ ಸುಣ್ಣ ಸಾಲದು. ಪರೀಕ್ಷೆಗೆ ಕಬ್ಬಿಣದ ಕತ್ತಿಯ ಅಲಗನ್ನು ಮರಳುಕಾಗದದಲ್ಲಿ ಹೊಳೆಯುವ ಹಾಗೆ ಉಜ್ಜಿ ಒಂದೆರಡು ನಿಮಿಷ ಅದ್ದಿ. ಕೆಂಪು ಲೇಪ ಕೂತರೆ ಮುಕ್ತ ತಾಮ್ರ ಉಳಿದಿದೆ ಎಂದರ್ಥ. ಹೊಡೆದರೆ ಸಿಂಗಾರ, ಎಳೆಕಾಯಿ ಸುಡುತ್ತದೆ. ಲೇಪ ಕೂರದಂತಾಗುವವರೆಗೆ ಸುಣ್ಣದ ನೀರು ಸೇರಿಸಿ. ಅಡುಗೆಮನೆಯ ಸ್ಟೀಲ್ ಚಾಕುವನ್ನು ಇದಕ್ಕೆ ನಂಬಬೇಡಿ, ಅದರ ಮೇಲೆ ತಾಮ್ರ ಸುಲಭಕ್ಕೆ ಕೂರುವುದಿಲ್ಲ.

ಇದು ಬಂದ ರೋಗ ವಾಸಿಮಾಡುವ ಮದ್ದಲ್ಲ. ಕಾಯಿಯ ಮೇಲೆ ಒಣಗಿ ಪದರವಾಗಿ ಕೂತು, ಮಳೆನೀರಿನಲ್ಲಿ ಬರುವ ಕೊಳೆಯ ಬೀಜಾಣುಗಳನ್ನು ಕೊಲ್ಲುತ್ತದೆ. ಹಾಗಾಗಿ ಮುಂಗಾರಿಗೆ ಮುಂಚೆ ಒಂದು, 40–45 ದಿನಕ್ಕೆ ಇನ್ನೊಂದು, ಮಳೆ ಎಳೆದರೆ ಮೂರನೆಯದು. ಕೊಳೆಯ ಮೊದಲ ಗುರುತಾದ ನೀರುಗಲೆ (ನೀರು ಹಿಡಿದಂಥ ಕಲೆ) ಏಳುವುದು ಹೆಚ್ಚಾಗಿ ಕಾಯಿಯ ತೊಟ್ಟಿನ ಕಡೆ. ಕೆಳಗೆ ನಿಂತು ದೋಟಿಯಲ್ಲಿ ಹೊಡೆಯುವಾಗ ಗೊನೆಯ ಒಂದೇ ಮಗ್ಗುಲು ನೆನೆದು ಮರ ಮುಗಿಯಿತು ಎನ್ನಿಸುತ್ತದೆ. ಸುತ್ತ ತಿರುಗಿ, ಗೊನೆಯ ಬುಡ, ಚಂಡೆ (ಮರದ ತಲೆ) ಎರಡೂ ತೋಯಬೇಕು. ಬಿರುಮಳೆಯ ಊರಾದರೆ ರಾಳ-ಸೋಡಾದ ಅಂಟು ಸೇರಿಸುವುದು ಲಾಭ. ಒಣಗುವ ಮುಂಚೆ ಮಳೆ ಬಿದ್ದರೆ ಮತ್ತೆ ಹೊಡೆಯಲೇಬೇಕು.

ಪೊಟ್ಟಣದ ಸಿದ್ಧ ಬೋರ್ಡೋ ಪುಡಿಯ ಬಗ್ಗೆ ನಮ್ಮ ಅಭಿಪ್ರಾಯ: ಆಳು ಇಲ್ಲದ ದಿನ ಪರವಾಗಿಲ್ಲ. ಆದರೆ ಒಣಗಿಸಿದ ಕಣ ಹಸಿ ಲೋಳೆಯಷ್ಟು ಹಿಡಿದು ಕೂರುವುದಿಲ್ಲ, ಮೊದಲ ಸಿಂಪಡಣೆಗೆ ನಾವು ಹೇಳುವುದಿಲ್ಲ. ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ಇನ್ನೊಂದು ತಾಮ್ರದ ಮದ್ದು) ಅದಕ್ಕಿಂತ ಸರಳ, ಕಲಸುವ ತಪ್ಪಿಗೆ ಎಡೆಯಿಲ್ಲ. ಬಿರುಮಳೆಗೆ ಮಾತ್ರ ಬೋರ್ಡೋದಷ್ಟು ತಡೆಯದು.

ಕಲಸಿದ್ದನ್ನು ನಾಳೆಗೆ ಇಡಬೇಡಿ, ಕಣ ದಪ್ಪಗಟ್ಟಿ ಅಂಟುವ ಗುಣ ಹೋಗುತ್ತದೆ. ಸುಣ್ಣ ಅರಳಿಸುವಾಗ ಕಣ್ಣಿಗೆ ಕನ್ನಡಕ ಇರಲಿ. ಸಂಜೆ ಪಂಪು, ಪೈಪಿಗೆ ಎರಡು ಸಲ ಒಳ್ಳೆಯ ನೀರು ಹಾಯಿಸಿ. ಆ ತೊಳೆದ ನೀರನ್ನು ಹಳ್ಳಕ್ಕೋ ಕೆರೆಗೋ ಬಿಡಬಾರದು, ತಾಮ್ರ ಮೀನಿಗೆ ವಿಷ.