ಮಗಳ ತಲೆಯ ಹತ್ತಿರ ನನ್ನನ್ನು ನಿಲ್ಲಿಸಿಕೊಂಡ ಆಸ್ಪತ್ರೆ

ಈ ಮಕ್ಕಳ ಆಸ್ಪತ್ರೆಯ ತುರ್ತು ವಿಭಾಗಕ್ಕೆ 4 ಸ್ಟಾರ್ ಕೊಟ್ಟಿದ್ದೇನೆ. ಉಳಿದ ಒಂದು ಯಾಕೆ ಕೊಡಲಿಲ್ಲ ಅನ್ನುವುದನ್ನೂ ಬರೆಯುತ್ತೇನೆ.

ಮಗಳಿಗೆ ಎರಡೂವರೆ ವರ್ಷ. ಮೇ ತಿಂಗಳು, ರಾತ್ರಿ ಹನ್ನೊಂದಾದರೂ ಕಲಬುರಗಿಯಲ್ಲಿ ಬಿಸಿ ಗಾಳಿ. ಸಂಜೆಯಿಂದ ಮೈ ಸುಡುತ್ತಿತ್ತು, ಬಿಸಿಲು ಬಡಿದಿರಬೇಕು ಅಂದುಕೊಂಡಿದ್ದೆವು. ಮಲಗಿದಲ್ಲೇ ಫಿಟ್ಸ್ ಬಂತು. ಅತ್ತೆ ಅವಳ ಕೈಗೆ ಬೀಗದ ಕೈ ಹಿಡಿಸಲು ಓಡಿಬಂದರು. ಬೇಡ ಅಂದು ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡಿದೆ. ಐದು ನಿಮಿಷವಾದರೂ ನಿಲ್ಲಲಿಲ್ಲ. ಬ್ರಹ್ಮಪುರದಿಂದ ಆಟೋ ಹಿಡಿದು ಇಲ್ಲಿಗೆ ಬಂದೆವು.

ಅವಳಿಗೆ ಫಿಟ್ಸ್ ಬಂದದ್ದು ಇದು ಎರಡನೇ ಸಲ. ಮೊದಲ ಸಲ ತವರಿನಲ್ಲಿದ್ದಾಗ ಬೇರೆ ಕಡೆ ಒಯ್ದಿದ್ದೆವು. ಅಲ್ಲಿ ಮಗುವನ್ನು ಕೈಯಿಂದ ಇಸಿದುಕೊಂಡು "ಹೊರಗ ನಡೀರಿ" ಅಂದವರೇ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಅವಳು "ಅವ್ವಾ" ಎಂದು ಕಿರುಚುವುದು ಕೇಳಿಸಿತು. ಆಮೇಲೆ ಅದೂ ನಿಂತಿತು. ನಿದ್ದೆ ಹತ್ತಿತೋ, ಇನ್ನೇನಾಯಿತೋ, ಬಂದು ಹೇಳುವವರು ಯಾರೂ ಇರಲಿಲ್ಲ. ಆ ಸುಮ್ಮನಿದ್ದ ಹತ್ತು ನಿಮಿಷ ಈಗಲೂ ನನ್ನ ಎದೆಯಲ್ಲಿದೆ.

ಇಲ್ಲಿ ಒಳಗೆ ಕಾಲಿಡುತ್ತಿದ್ದಂತೆ ಒಬ್ಬ ಸಿಸ್ಟರ್ ನನ್ನ ಭುಜ ಹಿಡಿದು ಕೇಳಿದರು: "ಅಕ್ಕಾರೆ, ಕೂಸಿನ ಹತ್ರ ನಿಂದಿರ್ತೀರೋ, ಹೊರಗ ಕುಂದರ್ತೀರೋ? ನಿಮಗ ಹ್ಯಾಂಗ ಧೈರ್ಯ ಅನಸ್ತದ ಹಂಗ ಮಾಡ್ರಿ." ನಿಲ್ಲುತ್ತೇನೆ ಅಂದೆ. "ಹಂಗಾರ ತಲಿ ಕಡಿ ಬರ್ರಿ. ಆಕಿ ಮಾರಿ ನೋಡ್ರಿ, ಸೂಜಿ ಕಡಿ ನೋಡಬ್ಯಾಡ್ರಿ. ತಲಿ ತಿರುಗಿದ್ರ ನನ್ನ ಕೈ ಹಿಡೀರಿ."

ಆಮೇಲೆ ನಡೆದ ಒಂದೊಂದನ್ನೂ ಅವರು ಮೊದಲೇ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಈಗ ಮೂಗಿಗೆ ಸ್ಪ್ರೇ, ಈಗ ಆಕ್ಸಿಜನ್, ಈಗ ನರ ಹುಡುಕ್ತಾರ. ಬಲಗೈಯಲ್ಲಿ ಎರಡು ಸಲ ನರ ಸಿಗಲಿಲ್ಲ. ಮೂರನೇ ಸಲ ಎಡಗೈಗೆ ಹಳದಿ ಬಣ್ಣದ ಸಣ್ಣ ಕ್ಯಾನುಲಾ, ಅಂದರೆ ನರಕ್ಕೆ ಔಷಧಿ ಹಾಕುವ ಕೊಳವೆ, ಕೂತಿತು. ಫಿಟ್ಸ್ ನಿಂತರೂ ಅವಳಿಗೆ ಸರಿಯಾಗಿ ಎಚ್ಚರವಾಗಲಿಲ್ಲ. ಮೆದುಳು ಜ್ವರ ಇದೆಯೋ ಏನೋ, ಬೆನ್ನಿನ ನೀರು ತೆಗೆದು ನೋಡಬೇಕು ಅಂದರು ಡಾಕ್ಟರ್ ಮೇಡಂ. ನಮ್ಮವರು ಕಾಗದಕ್ಕೆ ಸಹಿ ಹಾಕಿದರು, ಸೂಜಿ ನೋಡಿದ್ದೇ ಬೆವರಿಬಿಟ್ಟರು. ವಾರ್ಡ್ ಹುಡುಗ ಅವರನ್ನು ಹೊರಗೆ ಕರೆದೊಯ್ದು ನೀರು ಕೊಟ್ಟ. ಅಪ್ಪನಾಗಿ ನಿಲ್ಲಲಿಲ್ಲ ಅಂತ ಅವರನ್ನು ಯಾರೂ ಒಂದು ಮಾತು ಅನ್ನಲಿಲ್ಲ.

ಮಗಳನ್ನು ಮಗ್ಗುಲಾಗಿ, ಮೊಣಕಾಲು ಹೊಟ್ಟೆಗೆ ಹತ್ತುವ ಹಾಗೆ ಮಡಚಿ ಮಲಗಿಸಿದರು. ಅದುಮಿ ಹಿಡಿದದ್ದು ಇನ್ನೊಬ್ಬ ಸಿಸ್ಟರ್. ಆ ಕೆಲಸ ನನಗೆ ಹಚ್ಚಲಿಲ್ಲ, ಅದಕ್ಕೆ ಅವರಿಗೆ ಕೈಮುಗಿಯುತ್ತೇನೆ. ನನ್ನ ಅಂಗೈ ಅವಳ ಕೆನ್ನೆಯ ಮೇಲಿತ್ತು. ಅರೆನಿದ್ದೆಯಲ್ಲಿ ಮುಲುಗಿದಳು. "ಅವ್ವ ಇಲ್ಲೇ ಅದಾಳ" ಅಂದೆ. ಅವಳ ಬೆರಳು ನನ್ನ ಬಳೆಯೊಳಗೆ ಸಿಕ್ಕಿಕೊಂಡಿತು, ಬಿಡಿಸಿಕೊಳ್ಳಲಿಲ್ಲ. ಬೇಡ ಅಂದರೂ ಒಂದು ಸಲ ಆ ಕಡೆ ನೋಡಿಯೇಬಿಟ್ಟೆ. ಸಣ್ಣ ಬಾಟಲಿಗೆ ಹನಿ ಹನಿ ಬೀಳುತ್ತಿತ್ತು. ಮೇಡಂ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, "ತಿಳಿನೀರಿನಂಗ ಅದ, ಛಲೋ ಲಕ್ಷಣ" ಅಂದರು. ವರದಿಯೂ ಹಾಗೇ ಬಂತು. ಜ್ವರದ ಫಿಟ್ಸ್ ಅಷ್ಟೇ, ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಬರುವಂಥದ್ದು.

ನಮ್ಮಂಥವರು ಒಳಗಿದ್ದರೆ ನಿಮಗೆ ಅಡ್ಡಿಯಾಗುವುದಿಲ್ಲವೇ ಎಂದು ಮರುದಿನ ಮೇಡಂಗೆ ಕೇಳಿದೆ. ಕುಳಿತು ಹೇಳಿದರು. 1982ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಫೂಟ್ ಆಸ್ಪತ್ರೆಯಲ್ಲಿ ಮನೆಯವರೇ ಹಟ ಹಿಡಿದು ಒಳಗೆ ನಿಂತ ಮೇಲೆ ಈ ಪದ್ಧತಿ ಬೆಳೆಯಿತಂತೆ. ಫ್ರಾನ್ಸಿನಲ್ಲಿ, ಹೃದಯ ನಿಂತ ದೊಡ್ಡವರ ವಿಷಯದಲ್ಲಿ, 570 ಸಂಬಂಧಿಕರನ್ನು ಗಮನಿಸಿ 2013ರಲ್ಲಿ ವರದಿ ಬಂತು. ಮನೆಯವರು ಎದುರಿಗಿದ್ದುದರಿಂದ ಚಿಕಿತ್ಸೆಗೆ ತೊಂದರೆಯಾಗಲಿಲ್ಲ, ಮೂರು ತಿಂಗಳ ಮೇಲೆ ಮನಸ್ಸಿನಲ್ಲಿ ಹೆಚ್ಚು ನರಳುತ್ತಿದ್ದವರು ಹತ್ತಿರ ಇರಲಾಗದೆ ಹೋದ ಸಂಬಂಧಿಕರೇ. ನನಗೆ ಅದು ಓದದೆಯೂ ಗೊತ್ತಿತ್ತು. "ಆದರ ಸುಮ್ನ ಬಾಗಿಲು ತೆಗದ್ರ ಸಾಲಲ್ಲ, ನಿಮ್ಮನ್ನ ನೋಡ್ಕೊಳ್ಳಾಕ ಒಬ್ರು ಬೇಕು" ಅಂದರು ಮೇಡಂ. ಆ ರಾತ್ರಿ ಆ ಸಿಸ್ಟರ್‌ಗೆ ನಾನೇ ಕೆಲಸ. ಅವರಿಲ್ಲದಿದ್ದರೆ ಮೂರನೇ ಸೂಜಿಗೆ ನಾನು ಕೂಗಾಡಿ ಮಗಳನ್ನು ಎತ್ತಿಕೊಂಡುಬಿಡುತ್ತಿದ್ದೆನೇನೋ.

ಒಂದು ಸ್ಟಾರ್ ಹೋದದ್ದು ಇಲ್ಲೇ. ಮರುದಿನ ಹಗಲು ಚಿತ್ತಾಪುರ ಕಡೆಯ ಒಬ್ಬ ತಾಯಿಯನ್ನು ಹೊರಗೆ ಕಳಿಸಿದರು. ಪಾಪ, ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದಳು. ಕೇಳಿದರೆ, ಹತ್ತಿರ ನಿಲ್ಲಲು ಸಿಸ್ಟರ್ ಖಾಲಿ ಇಲ್ಲ ಅಂದರು. ನನಗೆ ಸಿಕ್ಕಿದ್ದು ಅವಳಿಗೂ ಸಿಗಬೇಕು. ಪ್ರತಿ ಪಾಳಿಗೂ ಒಬ್ಬರನ್ನು ಇದಕ್ಕೇ ಇಡಿ, ತಂದೆ ತಾಯಿ ಒಳಗಿರಬಹುದು ಎಂದು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಗೋಡೆಗೆ ಹಚ್ಚಿ.

ಬರುವವರಿಗೆ: ರಾತ್ರಿ ಮುಂದಿನ ಶೆಟರ್ ಹಾಕಿರುತ್ತದೆ, ಔಷಧಿ ಅಂಗಡಿ ಪಕ್ಕದ ಸಣ್ಣ ಗೇಟಿನಿಂದ ಬನ್ನಿ. ಮಗುವಿನ ತೂಕ ನೆನಪಿಟ್ಟುಕೊಳ್ಳಿ, ಔಷಧಿ ಅದರ ಲೆಕ್ಕದಲ್ಲೇ ಹಾಕುವುದು. ತಾಯಿ ಕಾರ್ಡಿನಲ್ಲಿ ಬರೆಸಿದ್ದ 11 ಕೆಜಿ ನನ್ನ ಬಾಯಲ್ಲೇ ಇತ್ತು, ಬಂದ ಕೂಡಲೇ ಅವರು ಕೇಳಿದ್ದು ಅದನ್ನೇ.