ಹಳೆ ಲೇಥಿಗೆ ಪಿ5 ಸ್ಪಿಂಡಲ್ ಬೇರಿಂಗ್: ನಾಲ್ಕು ವರ್ಷ ಓಡಿಸಿದ ಮೇಲೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಳಗೊಂದು ಶೆಡ್‌ನಲ್ಲಿ ನಮ್ಮ ವರ್ಕ್‌ಶಾಪ್ ಇದೆ. ಬ್ಯಾಡಗಿ ಕಡೆಯಿಂದ ಖಾರದಪುಡಿ ಗಿರಣಿಯ ಶಾಫ್ಟು, ಗದಗದಿಂದ ಜಿನ್ನಿಂಗ್ ಮಿಲ್ಲಿನ ರೋಲರು, ಸುತ್ತಲಿನ ಹಳ್ಳಿಗಳಿಂದ ರೋಟಾವೇಟರ್ ಬುಶ್ಶು ಬರುತ್ತವೆ. ಇದರಲ್ಲಿ ಬಹುಪಾಲು ಕೆಲಸ ಅಪ್ಪ ಸೆಕೆಂಡ್‌ಹ್ಯಾಂಡ್ ತಂದ ಆರು ಅಡಿ ಲೇಥಿನ ಮೇಲೇ ಆಗುತ್ತದೆ. ಪಂಜಾಬಿನ ಬಟಾಲಾದ ಮಾಲು, ನಾಮಫಲಕ ಎಂದೋ ಸವೆದುಹೋಗಿದೆ, ಪುಸ್ತಕವಿಲ್ಲ. ಪಕ್ಕದ ಶೆಡ್ಡಿನವರದು ಹರಿಹರದ ಕಿರ್ಲೋಸ್ಕರ್. ಆ ಕಾರ್ಖಾನೆಯೂ ಮುಚ್ಚಿರುವುದರಿಂದ ಬಿಡಿಭಾಗ ಕೇಳಲು ಅವರಿಗೂ ಈಗ ಬಾಗಿಲಿಲ್ಲ.

ನಮ್ಮ ಲೇಥಿನ ಸ್ಪಿಂಡಲಿಗೆ, ಅಂದರೆ ಜಾಬನ್ನು ತಿರುಗಿಸುವ ಶಾಫ್ಟಿಗೆ, ಪಿ5 ಎಂಬ ಹೆಚ್ಚು ನಿಖರ ದರ್ಜೆಯ ಬೇರಿಂಗ್ ಹಾಕಿದ ಕಥೆ ಇದು. ನಾಲ್ಕು ವರ್ಷದ ಹಿಂದೆ ಪಾರ್ಟಿಂಗ್ (ಜಾಬ್ ಕತ್ತರಿಸಿ ಬೇರ್ಪಡಿಸುವುದು) ಮಾಡುವಾಗ ಜಾಬ್ ನಡುಗತೊಡಗಿತು. ಫೇಸಿಂಗ್ ಮಾಡಿದ, ಅಂದರೆ ತುದಿ ಸಪಾಟು ಮಾಡಿದ, ಮುಖದ ಮೇಲೆ ಅಲೆ ಅಲೆ. ಮೊದಲು ಜಾಬ್ ಹಿಡಿಯುವ ಚಕ್ಕಿನ ಮೇಲೆ ಅನುಮಾನಪಟ್ಟೆ. ಚಕ್ ಬಿಚ್ಚಿ ಸ್ಪಿಂಡಲ್ ಮೂಗಿನ (ಚಕ್ ಕೂರುವ ತುದಿ) ಒಳ ಟೇಪರಿಗೆ ಡಯಲ್ ಗೇಜ್ ಮುಟ್ಟಿಸಿ ತಿರುಗಿಸಿದಾಗ ಓಟ, ಅಂದರೆ ತಿರುಗುವಾಗ ಕೇಂದ್ರ ತಪ್ಪಿ ಓಲಾಡುವ ಅಳತೆ, 40 ಮೈಕ್ರಾನ್ (ಮಿ.ಮೀ.ಯ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಬಂತು. ಒಂದು ರಾಡು ತೂರಿಸಿ ಮೇಲಕ್ಕೆತ್ತಿದರೆ 80 ಮೈಕ್ರಾನ್ ಅಲುಗಾಟ. ಹಿಂದಿನ ನಟ್ಟು ಬಿಗಿ ಮಾಡಿದರೆ ಅಲುಗಾಟ ನಿಲ್ಲುತ್ತಿತ್ತು, ಆದರೆ ಅರ್ಧ ಗಂಟೆಯಲ್ಲಿ ಸ್ಪಿಂಡಲ್ ಕೂತಿರುವ ಹೆಡ್‌ಸ್ಟಾಕ್ ಮೇಲೆ ಕೈ ಇಡಲಾಗುತ್ತಿರಲಿಲ್ಲ. ಹಳೆ ಲೇಥಿರುವವರು ಬೇರಿಂಗಿಗೆ ದುಡ್ಡು ಹಾಕುವ ಮೊದಲು ಇಷ್ಟನ್ನು ನೋಡಿಕೊಳ್ಳಬೇಕು. ನಟ್ಟಿನ ಬಿಗಿಯಲ್ಲೇ ಸರಿಹೋಗುವ ಯಂತ್ರಗಳೂ ಇವೆ.

ಬಿಚ್ಚಿ ನೋಡಿದರೆ ಮೂಗಿನ ಕಡೆಯ ಮುಂದಿನ ಬೇರಿಂಗ್ 32013 ಎಕ್ಸ್, ಟೇಪರ್ ರೋಲರ್: ಒಳವ್ಯಾಸ 65, ಹೊರವ್ಯಾಸ 100, ಅಗಲ 23 ಮಿ.ಮೀ. ಹಿಂದಿನದು 32011 ಎಕ್ಸ್. ನಂಬರ್ ಅಳಿಸಿದ್ದರೆ ಮೈಕ್ರೋಮೀಟರಿನಿಂದ ಈ ಮೂರು ಅಳತೆ ತೆಗೆದರೆ ಸಾಕು. ಅಳತೆ ಇಂಚಿನದಾಗಿದ್ದರೆ ಮಾತ್ರ ಎಚ್ಚರ ಬೇಕು: ಅಲ್ಲಿ ಕೋನಿಗೊಂದು (ಒಳ ರಿಂಗ್) ನಂಬರ್, ಕಪ್ಪಿಗೊಂದು (ಹೊರ ರಿಂಗ್) ನಂಬರ್, ಎರಡನ್ನೂ ಬರೆದುಕೊಂಡು ಹೋಗಬೇಕು.

ತಪ್ಪಾದದ್ದು ಆಮೇಲೆ. ಊರಿನ ಒಂದು ಅಂಗಡಿಯಲ್ಲಿ ನಂಬರ್ ತೋರಿಸಿದೆ. “ಅಣ್ಣಾರ, ನಂಬರ್ ಒಂದ ಐತಲ್ಲರೀ, ಬರೋಬ್ಬರಿ ಕುಂದ್ರತೈತಿ,” ಎಂದು ಹೆಸರಾಂತ ಕಂಪನಿಯ ಡಬ್ಬಿ ಕೊಟ್ಟರು. ಕೂತಿತೇನೋ ಹೌದು. ಓಟ ಮಾತ್ರ 30 ಮೈಕ್ರಾನಿಗಿಂತ ಕೆಳಗಿಳಿಯಲಿಲ್ಲ. ಎರಡೇ ತಿಂಗಳಿಗೆ ಗರಗರ ಸದ್ದು ಶುರುವಾಯಿತು. ಡಬ್ಬಿ, ಬೇರಿಂಗ್ ಎರಡರ ಫೋಟೊ ತೆಗೆದು ಆ ಕಂಪನಿಯ ಆ್ಯಪಿನಲ್ಲಿ ಕಳಿಸಿದೆ. ಮಾಲು ನಮ್ಮದಲ್ಲ ಎಂದು ಉತ್ತರ ಬಂತು. ಹೆಡ್‌ಸ್ಟಾಕ್ ಇಳಿಸಿ ಏರಿಸಿದ ನಾಲ್ಕು ದಿನದ ದುಡಿಮೆ ನೀರಿಗೆ ಹೋಯಿತು. ಅಂಗಡಿಯವರು ದುಡ್ಡು ಹಿಂದಿರುಗಿಸಲಿಲ್ಲ.

ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆದ ಫಿಟ್ಟರ್ ಕಾಕಾ ಒಬ್ಬರು ನಮ್ಮಲ್ಲಿಗೆ ಬರುತ್ತಾರೆ. ಆ ಬೇರಿಂಗನ್ನು ಕೈಯಲ್ಲಿ ಹಿಡಿದು ನೋಡಿ, “ತಮ್ಮಾ, ಇದು ಖರೇ ಮಾಲ ಇದ್ರೂ ನಿನ್ನ ಕೆಲಸಕ್ಕ ಬರತಿರ್ಲಿಲ್ಲ. ನಂಬರಿನ ಬಾಲ ನೋಡಬೇಕಪಾ,” ಎಂದರು. ಬಾಲ ಎಂದರೆ ನಂಬರಿನ ಕೊನೆಗೆ ಬರುವ ದರ್ಜೆ. ಈ ಅಳತೆಯ ಸಾಮಾನ್ಯ ದರ್ಜೆಯ ಟೇಪರ್ ರೋಲರಿನ ಒಳ ರಿಂಗಿಗೆ 25 ಮೈಕ್ರಾನಿನವರೆಗೆ ಓಟವಿರಬಹುದು. ಪಿ5ಗೆ 7 ಮೈಕ್ರಾನ್ ಮಾತ್ರ. ಟ್ರ್ಯಾಕ್ಟರ್ ಹಬ್ಬಿಗೆ ಮೊದಲನೆಯದು ಧಾರಾಳ ಸಾಕು. ಲೇಥಿನ ಸ್ಪಿಂಡಲಿಗೆ ಸಾಲದು.

ಬೆಂಗಳೂರಿನ ಅಧಿಕೃತ ಡೀಲರಿಗೆ ನೇರ ಫೋನ್ ಮಾಡಿ ಮುಂದಿನದಕ್ಕೆ ಎಫ್‌ಎಜಿ ಕಂಪನಿಯ ಪಿ5 ಆರ್ಡರ್ ಹಾಕಿದೆ. ಸಾಮಾನ್ಯ ಬೇರಿಂಗಿನ ಸುಮಾರು ನಾಲ್ಕು ಪಟ್ಟು ಬೆಲೆ, ಮೂರು ವಾರ ಕಾಯುವಿಕೆ. ಬಂದ ಡಬ್ಬಿಯ ಕೋಡನ್ನು ಆ ಬ್ರ್ಯಾಂಡಿನ ಒಡೆಯ ಕಂಪನಿ ಷೆಫ್ಲರ್‌ನ ಒರಿಜಿನ್‌ಚೆಕ್ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದ ಮೇಲೆಯೇ ಸೀಲ್ ಒಡೆದದ್ದು. ಹಿಂದಿನದಕ್ಕೆ ಅದೇ ಡೀಲರಿಂದ ಸಾಮಾನ್ಯ ದರ್ಜೆಯದನ್ನೇ ತರಿಸಿದೆ. ಇದು ಕಾಕಾ ಕೂಡಿ ಹಾಕಿದ ಲೆಕ್ಕ. ನಮ್ಮ ಸ್ಪಿಂಡಲಿನ ಎರಡು ಬೇರಿಂಗುಗಳ ನಡುವೆ 350 ಮಿ.ಮೀ., ಮುಂದಿನದರಿಂದ ಮೂಗಿಗೆ 80. ಹಿಂದಿನ ಬೇರಿಂಗಿನ ದೋಷ ಮೂಗಿಗೆ ಮುಟ್ಟುವಾಗ ಕಾಲುಭಾಗಕ್ಕಿಂತ ಕಡಿಮೆಯಾಗುತ್ತದೆ. ಮುಂದಿನದರ ದೋಷ ಇದ್ದದ್ದಕ್ಕಿಂತ ಹೆಚ್ಚಾಗಿಯೇ ಬರುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮುಂದಿನದಕ್ಕೇ ಹಾಕಿ. ಎರಡೂ ಬೇರಿಂಗುಗಳ ಒಳ ರಿಂಗಿನ ಎತ್ತರದ ಬಿಂದುವನ್ನು (ಓಟ ಅತಿ ಹೆಚ್ಚು ತೋರುವ ಜಾಗ) ಡಯಲಿನಿಂದ ಹುಡುಕಿ, ಗುರುತು ಹಾಕಿ, ಒಂದೇ ಗೆರೆಗೆ ಬರುವಂತೆ ಕೂರಿಸಿದರೆ ಮೂಗಿನ ಓಟ ಇನ್ನಷ್ಟು ಇಳಿಯುತ್ತದೆ. ಅರ್ಧ ದಿನ ಹಿಡಿಯಿತು, ಆದರೆ ಅಷ್ಟು ಹೊತ್ತು ಕೊಟ್ಟದ್ದಕ್ಕೆ ಇವತ್ತಿಗೂ ಸಮಾಧಾನವಿದೆ.

ಒಳ ರಿಂಗನ್ನು ಎಣ್ಣೆಯಲ್ಲಿ 90 ಡಿಗ್ರಿಗೆ ಕಾಯಿಸಿ ಇಳಿಸಿದೆವು. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. 120 ದಾಟಿದರೆ ಉಕ್ಕಿನ ಗಡಸುತನಕ್ಕೆ ಕುತ್ತು. ಗ್ಯಾಸ್ ಟಾರ್ಚಂತೂ ಹತ್ತಿರ ತರಲೇಬಾರದು. ಹೆಡ್‌ಸ್ಟಾಕಿನ ತಳದಲ್ಲಿ ಹಳೆ ಎಣ್ಣೆಯ ಜೊತೆ ಹಿಡಿಯಷ್ಟು ಲೋಹದ ಪುಡಿ ಸಿಕ್ಕಿತು. ಅದನ್ನು ಬಿಟ್ಟು ಹೊಸ ಬೇರಿಂಗ್ ಕೂರಿಸಿದ್ದರೆ ತಿಂಗಳೂ ಬಾಳುತ್ತಿರಲಿಲ್ಲ. ಅಯಸ್ಕಾಂತದಿಂದ ಎಳೆದು, ಡೀಸೆಲ್‌ನಲ್ಲಿ ತೊಳೆದು, ಸರ್ವೋಸಿಸ್ಟಂ 68 ಎಣ್ಣೆ ತುಂಬಿದೆವು. ಮೊದಲ ದಿನ ಕಡಿಮೆ ವೇಗದಿಂದ ಶುರು ಮಾಡಿ ಅರ್ಧರ್ಧ ಗಂಟೆಗೊಮ್ಮೆ ಗೇರ್ ಏರಿಸುತ್ತ, ಬಿಸಿ ನೋಡುತ್ತ, ನಟ್ಟನ್ನು ಕೂದಲೆಳೆಯಷ್ಟು ಬಿಗಿ ಮಾಡುತ್ತ ಹೋದೆವು. ಸಂಜೆಗೆ ಮೂಗಿನ ಓಟ 8 ಮೈಕ್ರಾನ್.

ನಾಲ್ಕು ವರ್ಷದ ಮೇಲೆ, ಕಳೆದ ವಾರ ಅದೇ ಜಾಗದಲ್ಲಿ ಅದೇ ಡಯಲ್ ಇಟ್ಟು ನೋಡಿದೆ: 10. ದಿನಕ್ಕೆ ಎಂಟು ಗಂಟೆ ಓಡುವ ಯಂತ್ರ, ಕೀವೇ (ಕೀ ಕೂರುವ ತೋಡು) ಇರುವ ಶಾಫ್ಟುಗಳ ಮೇಲೆ ಟೂಲು ಟಕಟಕ ಬಡಿಸಿಕೊಂಡದ್ದೂ ಇದೆ. ಹದಿನಾಲ್ಕನೇ ತಿಂಗಳಿಗೆ ಒಮ್ಮೆ ನಟ್ಟು ಸ್ವಲ್ಪ ಬಿಗಿ ಮಾಡಬೇಕಾಯಿತು. ಅದನ್ನು ಬಿಟ್ಟರೆ ಎಣ್ಣೆ ಬದಲಿಸಿದ್ದಷ್ಟೇ. ಬೇರಿಂಗ್ ಕೂರುವ ಜಾಗಕ್ಕೆ 65 ಮಿ.ಮೀ. ಶಾಫ್ಟು ತಿರುವಿದರೆ ಈಗ ಎಮರಿ ಕಾಗದ ಹಿಡಿಯದೆ ಅಳತೆ ಸಿಗುತ್ತದೆ. ಜಿನ್ನಿಂಗ್ ರೋಲರಿನವರು ಮೊದಲು ಗ್ರೈಂಡಿಂಗಿಗೆ ಬೆಳಗಾವಿಗೆ ಕಳಿಸುತ್ತಿದ್ದ ಎರಡು ಜಾಬನ್ನು ನಮ್ಮಲ್ಲೇ ಮುಗಿಸುತ್ತಿದ್ದಾರೆ.

ಕೊರತೆ ಎಂದರೆ ಸಿಗುವ ರೀತಿಯೇ. ಹುಬ್ಬಳ್ಳಿಯಷ್ಟು ದೊಡ್ಡ ಊರಿನಲ್ಲೂ ನಾನು ಕೇಳಿದ ಐದು ಅಂಗಡಿಗಳಲ್ಲಿ ಪಿ5 ಸ್ಟಾಕ್ ಇರಲಿಲ್ಲ. ಹಾಗಾಗಿ ಬೇರಿಂಗ್ ಪೂರ್ತಿ ಕೈಕೊಡುವವರೆಗೆ ಕಾಯಬೇಡಿ, ಲೇಥ್ ಓಡುತ್ತಿರುವಾಗಲೇ ತರಿಸಿಟ್ಟುಕೊಳ್ಳಿ. ಬಿಲ್ಲಿನಲ್ಲಿ ಪೂರ್ತಿ ನಂಬರ್, ಬಾಲದ ಸಮೇತ, ಬರೆಸಿಕೊಳ್ಳಿ. ನಮ್ಮ ಎರಡನೇ ಲೇಥಿನ ಸ್ಪಿಂಡಲೂ ಈಗ ಬಿಸಿಯಾಗತೊಡಗಿದೆ. ಅದರದ್ದು 32014, ಅದಕ್ಕೂ ಪಿ5 ಆರ್ಡರ್ ಹಾಕಿ ಹತ್ತು ದಿನವಾಯಿತು.