ವಠಾರ, ಲೀಸ್, ಊರಾಚೆ ಬಾಡಿಗೆ: ನಮ್ಮ ಬಜೆಟ್‌ಗೆ ಒಗ್ಗಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಊರಾಚೆಯ ಬಾಡಿಗೆ ಮನೆಗೆ. ಅದೂ ಸ್ವಂತ ಕರೆಂಟ್ ಮೀಟರ್ ಇದ್ದರೆ ಮಾತ್ರ. ಬೆಂಗಳೂರಿನಲ್ಲಿ ನಾವು ಮೂರೂ ಥರದ ಮನೆಯಲ್ಲಿ ಸಂಸಾರ ಮಾಡಿದ್ದೇವೆ. ಮೊದಲು ಹೆಗ್ಗನಹಳ್ಳಿ ಕಡೆ ಲೀಸ್ ಮನೆ, ಆಮೇಲೆ ಲಗ್ಗೆರೆಯ ವಠಾರ, ಈಗ ಊರಾಚೆಯ ಅಂದ್ರಹಳ್ಳಿಯಲ್ಲಿ ಬಾಡಿಗೆ. ನಮ್ಮನೆಯವರು ಆಟೋ ಓಡಿಸುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕುತ್ತೇನೆ. ಇಬ್ಬರು ಮಕ್ಕಳು. ತಿಂಗಳಿಗೆ ಕೈಗೆ ಬರೋದು 25,000 ಆಸುಪಾಸು, ಹಬ್ಬ ಮತ್ತೆ ಮದುವೆ ಸೀಸನ್‌ನಲ್ಲಿ ಸ್ವಲ್ಪ ಜಾಸ್ತಿ.

ಎಷ್ಟು ಚದರ, ಯಾವ ಟೈಲ್ಸ್ ಅನ್ನೋದನ್ನೆಲ್ಲ ಬಿಡುತ್ತೇನೆ. ನಮ್ಮ ದರಕ್ಕೆ ಸಿಗುವ ಮನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ನಮೂನೆ. ಒಂದು ಹಾಲು, ಮೂಲೆಯಲ್ಲಿ ಅಡುಗೆಮನೆ, ಪುಣ್ಯ ಇದ್ದರೆ ಒಂದು ರೂಮು.

ಲೀಸ್ ಮನೆ ಕೇಳೋದಕ್ಕೆ ಬಹಳ ಚೆನ್ನಾಗಿರುತ್ತೆ. ಒಂದೇ ಸಲ 5 ಲಕ್ಷ ಕೊಡೋದು, ಎರಡು ವರ್ಷ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ದುಡ್ಡು ವಾಪಸ್. ಆದರೆ ಆ 5 ಲಕ್ಷ ನಮ್ಮಂಥವರ ಹತ್ತಿರ ಸುಮ್ನೆ ಕೂತಿರುತ್ತಾ? ಚೀಟಿ ಎತ್ತಬೇಕು, ಒಡವೆ ಅಡ ಇಡಬೇಕು, ಸಂಘದಲ್ಲಿ ಸಾಲ ತೆಗೆಯಬೇಕು. ನೂರಕ್ಕೆ ಒಂದು ರೂಪಾಯಿ ಬಡ್ಡಿ ಅಂತ ಹಿಡಿದರೂ ತಿಂಗಳಿಗೆ 5,000 ಆಯಿತು. ಕೈಸಾಲ ಎರಡು ರೂಪಾಯಿ ಬಡ್ಡಿಯದ್ದಾದರೆ 10,000. ಬಾಡಿಗೆ ಇಲ್ಲದ ಮನೆ ಅಂತ ಇದನ್ನು ಯಾರು ಕರೆದರೋ ಗೊತ್ತಿಲ್ಲ.

ಬಡ್ಡಿ ಆದರೂ ಲೆಕ್ಕಕ್ಕೆ ಸಿಗುತ್ತೆ. ಕಷ್ಟ ಶುರುವಾಗೋದು ಮನೆ ಬಿಡುವಾಗ. ನಾವು ಕೊಟ್ಟ ದುಡ್ಡಲ್ಲಿ ಓನರ್ ಮೇಲಿನ ಮಹಡಿ ಕಟ್ಟಿಸಿದ್ದರು. ಅವಧಿ ಮುಗಿದಾಗ, "ಇನ್ನೊಂದು ಪಾರ್ಟಿ ಲೀಸ್‌ಗೆ ಬರಲಿ ತಾಯಿ, ಅವರು ಕೊಟ್ಟ ದಿನವೇ ನಿಮ್ಮ ಕೈಗೆ ಇಡ್ತೀನಿ" ಅಂದರು. ಅಂದರೆ ನಮ್ಮ ದುಡ್ಡು ವಾಪಸ್ ಬರಬೇಕಾದರೆ ಇನ್ನೊಬ್ಬರು ಒಡವೆ ಅಡ ಇಡಬೇಕು! ಮನೆ ನೋಡೋಕೆ ಬಂದವರಿಗೆಲ್ಲ ನಾನೇ ಕಾಫಿ ಮಾಡಿಕೊಟ್ಟು, ನೀರು ಚೆನ್ನಾಗಿ ಬರುತ್ತೆ ಅಂತ ಹೇಳಿದ್ದೂ ಉಂಟು. ದುಡ್ಡು ಕಂತು ಕಂತಾಗಿ ಬಂತು. ಕೊನೆ ಕಂತಿನ ತನಕ ನಾವು ಕೀ ಕೊಡಲಿಲ್ಲ. ನೀವೂ ಕೊಡಬೇಡಿ.

ಲೀಸ್‌ಗೇ ಹೋಗ್ತೀವಿ ಅನ್ನೋರು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟ್‌ನಲ್ಲಿ ಆ ಜಾಗದ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ ನೋಡಿ. ರಿಜಿಸ್ಟರ್ ಆದ ಬ್ಯಾಂಕ್ ಸಾಲ ಇದ್ದರೆ ಅದರಲ್ಲಿ ಕಾಣುತ್ತೆ, ಕೈಸಾಲ ಕಾಣಲ್ಲ. ಕರಾರನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಲು ಓನರ್ ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ. ಬ್ಯಾಂಕಿನವರು ಮನೆ ಹರಾಜಿಗೆ ಇಟ್ಟರೆ, ಬರೀ ಛಾಪಾಕಾಗದ ಹಿಡಿದು ನಿಂತವರ ಮಾತು ನಡೆಯೋದು ಕಷ್ಟ. ಓನರ್‌ನನ್ನೇ ತೋರಿಸದೆ ನಡುವೆ ನಿಂತು ದುಡ್ಡು ತಗೊಳ್ಳುವವರ ಹತ್ತಿರವಂತೂ ಹೋಗಲೇಬೇಡಿ.

ಲೀಸ್ ದುಡ್ಡು ಪೂರ್ತಿ ಬಂತಲ್ಲ, ಅದರಲ್ಲಿ ಮೊದಲು ಒಡವೆ ಬಿಡಿಸಿಕೊಂಡೆವು. ಉಳಿದಿದ್ದಕ್ಕೆ ಸಿಕ್ಕಿದ್ದು ಲಗ್ಗೆರೆ ವಠಾರ. ಬಾಡಿಗೆ 6,000, ಅಡ್ವಾನ್ಸ್ 40,000. ಅಕ್ಕಪಕ್ಕದವರು ಒಳ್ಳೆಯವರು. ಮಕ್ಕಳನ್ನು ಬಿಟ್ಟು ಎಲ್ಲಿಗಾದರೂ ಹೋಗಿ ಬರಬಹುದಿತ್ತು. ಆ ಅನುಕೂಲ ಈಗಿನ ಮನೆಯಲ್ಲಿ ಇಲ್ಲ. ಆಟೋ ಮಾತ್ರ ರಸ್ತೆಯಲ್ಲೇ ನಿಲ್ಲಿಸಬೇಕು, ಒಂದು ಸಲ ಬ್ಯಾಟರಿ ಕದ್ದರು.

ಇನ್ನು ಕರೆಂಟ್ ಕಥೆ. ವಠಾರದಲ್ಲಿ ನಾಲ್ಕು ಮನೆ, ಬೆಸ್ಕಾಂನದು ಒಂದೇ ಮೀಟರ್, ಅದು ಓನರ್ ಹೆಸರಲ್ಲಿ. ನಮ್ಮ ಬಾಗಿಲುಗಳ ಮೇಲೆ ಇದ್ದದ್ದು ಅವರು ಹಾಕಿಸಿದ ಸಬ್ ಮೀಟರ್. ತಿಂಗಳ ಮೊದಲ ವಾರ ಅವರ ಮಗ ಸ್ಟೂಲ್ ತಂದು ಹತ್ತಿ, ಮೊಬೈಲ್ ಟಾರ್ಚ್ ಬಿಟ್ಟು ರೀಡಿಂಗ್ ನೋಡಿ, ಯೂನಿಟ್‌ಗೆ 10 ರೂಪಾಯಿ ಲೆಕ್ಕ ಹೇಳುತ್ತಿದ್ದ. 2024ರಲ್ಲಿ ಮನೆ ಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 90 ಪೈಸೆ. ಕೇಳಿದರೆ, "ಫಿಕ್ಸೆಡ್ ಚಾರ್ಜ್ ಇರುತ್ತಕ್ಕ, ಸಂಪ್ ಮೋಟರ್ ಇರುತ್ತೆ, ಮೆಟ್ಟಿಲ ಲೈಟ್ ಇರುತ್ತೆ" ಅನ್ನೋನು. ಮೆಟ್ಟಿಲ ಬಲ್ಬ್ ಹೋಗಿ ಎಷ್ಟೋ ದಿನ ಆಗಿತ್ತು, ಅದು ಬೇರೆ ವಿಷಯ.

2023ರಲ್ಲಿ ಗೃಹಜ್ಯೋತಿ ಬಂತು, ತಿಂಗಳಿಗೆ 200 ಯೂನಿಟ್ ತನಕ ಕರೆಂಟ್ ಉಚಿತ ಅನ್ನೋ ಸರ್ಕಾರದ ಯೋಜನೆ. ಬಾಡಿಗೆದಾರರಿಗೂ ಉಂಟು ಅಂದಾಗ ವಠಾರದಲ್ಲಿ ಎಲ್ಲರಿಗೂ ಖುಷಿ. ಆದರೆ ಅದು ಸಿಗೋದು ಮೀಟರ್‌ಗೆ ಒಂದು. ಅರ್ಜಿಗೆ ಬೆಸ್ಕಾಂ ಬಿಲ್‌ನಲ್ಲಿರುವ ನಂಬರ್ ಬೇಕು, ಸಬ್ ಮೀಟರ್‌ಗೆ ಅಂಥ ನಂಬರ್ರೇ ಇಲ್ಲ. ಹೋಗಲಿ, ಓನರ್ ಹೆಸರಲ್ಲಾದರೂ ಬಂದರೆ ಹಂಚಿಕೊಳ್ಳೋಣ ಅಂದರೆ ಅದೂ ಆಗಲಿಲ್ಲ. ಒಂದೊಂದು ಮನೆಯಲ್ಲಿ 60, 70 ಯೂನಿಟ್. ಹೊಲಿಗೆ ಮೆಷಿನ್ ಮೋಟರ್ ಮತ್ತೆ ಇಸ್ತ್ರಿಪೆಟ್ಟಿಗೆಯಿಂದ ನಮ್ಮದು 90. ನೀರಿನ ಮೋಟರ್ ಸೇರಿ ದೊಡ್ಡ ಮೀಟರ್ 280, 300 ತೋರಿಸುತ್ತಿತ್ತು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬೇರೆ ಬೇರೆ ಮೀಟರ್ ಇದ್ದಿದ್ದರೆ ನಾಲ್ಕೂ ಮನೆಗೆ ಉಪಯೋಗ ಆಗುತ್ತಿತ್ತು. ಒಂದೇ ಮೀಟರ್ ಆಗಿದ್ದಕ್ಕೆ ಒಬ್ಬರಿಗೂ ಆಗಲಿಲ್ಲ. ಎದುರು ಬೀದಿಯಲ್ಲಿ ಎರಡು ಮಹಡಿ ಸ್ವಂತ ಮನೆಯವರಿಗೆ ಶೂನ್ಯ ಬಿಲ್, ನಮಗೆ ತಿಂಗಳಿಗೆ 900 ರೂಪಾಯಿ! ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ.

ಪ್ರತ್ಯೇಕ ಮೀಟರ್ ಹಾಕಿಸಿ ಅಂತ ನಾವು ನಾಲ್ಕೂ ಮನೆಯವರು ಸೇರಿ ಕೇಳಿದೆವು. ವೈರಿಂಗ್ ಖರ್ಚು, ಡೆಪಾಸಿಟ್ ಅಂತ ಹೇಳಿ ತಳ್ಳಿದರು. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲಂತೂ ಒಸಿ (ಕಟ್ಟಡ ವಾಸಕ್ಕೆ ಸರಿ ಇದೆ ಅನ್ನೋ ಪತ್ರ) ಇಲ್ಲದ ಎಷ್ಟೋ ಕಟ್ಟಡಗಳಿಗೆ ಹೊಸ ಕನೆಕ್ಷನ್ ಸಿಗೋದು ಕಷ್ಟವಾಯಿತು. ಹಾಗಾಗಿ "ನೀವು ಬನ್ನಿ, ಆಮೇಲೆ ಮೀಟರ್ ಹಾಕಿಸಿಕೊಡ್ತೀನಿ" ಅಂತ ಯಾರಾದರೂ ಹೇಳಿದರೆ ಲೆಕ್ಕಕ್ಕೆ ತಗೋಬೇಡಿ. ಮೀಟರ್ ಈಗಲೇ ಗೋಡೆ ಮೇಲೆ ಇರಬೇಕು.

ಅಂದ್ರಹಳ್ಳಿ ಮನೆ ನೋಡೋಕೆ ಹೋದಾಗ ನಾನು ಅಡುಗೆಮನೆಗಿಂತ ಮೊದಲು ಮೀಟರ್ ಬೋರ್ಡ್ ನೋಡಿದೆ. ಪ್ರತಿ ಮೀಟರ್ ಮೇಲೂ ಮನೆ ನಂಬರ್, ಬೆಸ್ಕಾಂ ಬಿಲ್‌ನಲ್ಲಿ ಬರುವ ಆರ್‌ಆರ್ ನಂಬರ್ ಬರೆದಿತ್ತು. ಹಿಂದಿನ ತಿಂಗಳ ಬಿಲ್ ಕೇಳಿ ತಗೊಂಡು ನಂಬರ್ ತಾಳೆ ನೋಡಿದೆವು, ಬಾಕಿ ಇಲ್ಲ ಅನ್ನೋದನ್ನೂ ನೋಡಿದೆವು. ಹಳೆಯ ಬಾಡಿಗೆದಾರರ ಆಧಾರ್ ಆ ಮೀಟರ್‌ಗೆ ಲಿಂಕ್ ಆಗಿದ್ದರೆ ಅದನ್ನು ತೆಗೆಸಬೇಕು, ಇಲ್ಲದಿದ್ದರೆ ನಿಮ್ಮ ಗೃಹಜ್ಯೋತಿ ಅರ್ಜಿ ಮುಂದೆ ಹೋಗಲ್ಲ. ಅವರು ಮನೆ ಖಾಲಿ ಮಾಡುವ ಮೊದಲೇ ಈ ಕೆಲಸ ಮಾಡಿಸಿಕೊಂಡರೆ ಓಡಾಟ ಉಳಿಯುತ್ತೆ. ಇನ್ನೊಂದು ಮಾತು, 200 ಯೂನಿಟ್ ಅಂತ ಹೇಳಿದರೂ ಎಲ್ಲರಿಗೂ 200 ಸಿಗಲ್ಲ. ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಮಿತಿ ಹಾಕುತ್ತಾರೆ. ನಾವು ದಸರಾ, ದೀಪಾವಳಿ ತಿಂಗಳಲ್ಲಿ ಮಿತಿ ದಾಟಿ, ದಾಟಿದ ಯೂನಿಟ್‌ಗಷ್ಟೇ ಕಟ್ಟಿದ್ದೇವೆ. ಉಳಿದಂತೆ ಶೂನ್ಯ.

ಲೆಕ್ಕ ಇಷ್ಟೇ. ವಠಾರದಲ್ಲಿ 6,000 ಬಾಡಿಗೆ, 900 ಕರೆಂಟ್, ನೀರು ಮತ್ತೆ ಕ್ಲೀನಿಂಗ್‌ಗೆ 300. ಇಲ್ಲಿ 7,000 ಬಾಡಿಗೆ, ಕುಡಿಯುವ ನೀರಿನ ಕ್ಯಾನ್‌ಗೆ ನೂರೈವತ್ತರಷ್ಟು. ಅದೇ ದುಡ್ಡಲ್ಲಿ ಒಂದು ರೂಮು ಜಾಸ್ತಿ ಬಂತು. ರಾತ್ರಿ ಮಕ್ಕಳು ಮಲಗಿದ ಮೇಲೂ ಬಾಗಿಲು ಹಾಕಿಕೊಂಡು ಮೆಷಿನ್ ತುಳಿಯಬಹುದು.

ಇಲ್ಲಿ ನೀರು ಸಪ್ಪೆ ಅಲ್ಲ, ಬೋರ್‌ವೆಲ್ಲಿನ ಉಪ್ಪು ನೀರು. ನಮ್ಮ ಬೀದಿಗೆ ಕಾವೇರಿ ನೀರು ಇನ್ನೂ ಬಂದಿಲ್ಲ. ಬೇಳೆ ಬೇಯಲ್ಲ, ಕ್ಯಾನ್ ನೀರೇ ಬೇಕು.

ದೂರ ನನಗೆ ತೊಂದರೆ ಅನ್ನಿಸಿಲ್ಲ. ಲೈನಿಂಗ್ ಬಟ್ಟೆ, ದಾರ ತರೋಕೆ ಚಿಕ್ಕಪೇಟೆಗೆ ಹೋಗಬೇಕು. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜ್ ಇಲ್ವಲ್ಲ. ನಮ್ಮನೆಯವರ ಲೆಕ್ಕ ಬೇರೆ. ಬೆಳಗ್ಗೆ ಯಶವಂತಪುರದ ಕಡೆ ಹೋಗುವ ತನಕ ಆಟೋ ಖಾಲಿ, ಗ್ಯಾಸ್ ದಂಡ. ಅವರನ್ನು ಕೇಳಿದರೆ ಇವತ್ತಿಗೂ ಲಗ್ಗೆರೆಯೇ ಚೆನ್ನಾಗಿತ್ತು ಅನ್ನುತ್ತಾರೆ. ಇಲ್ಲಿ ಗೇಟ್ ಒಳಗೆ ಆಟೋ ನಿಲ್ಲಿಸೋಕೆ ಜಾಗ ಇದೆ ಅನ್ನೋ ಒಂದೇ ಕಾರಣಕ್ಕೆ ಸುಮ್ಮನಿದ್ದಾರೆ.

ಹುಡುಕುವ ದಾರಿ ಬಗ್ಗೆ ಎರಡು ಮಾತು. ಆ್ಯಪ್‌ಗಳಲ್ಲಿ ನಮ್ಮ ದರದ ಮನೆ ಅಪರೂಪ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಹೋಗುತ್ತೆ. ಇಸ್ತ್ರಿ ಅಂಗಡಿಯವರು, ಹಾಲಿನ ಬೂತ್‌ನವರಿಗೆ ಯಾರು ಖಾಲಿ ಮಾಡ್ತಿದ್ದಾರೆ ಅನ್ನೋದು ಬೋರ್ಡ್ ತಗಲುವ ಮೊದಲೇ ಗೊತ್ತಿರುತ್ತೆ. ನಮಗೆ ಈ ಮನೆ ಹೇಳಿದ್ದು ಇಸ್ತ್ರಿ ಅಣ್ಣ. "ನೀವು ಯಾವ ಜನ, ಮನೇಲಿ ಮಾಂಸ ಮಾಡ್ತೀರಾ" ಅನ್ನೋ ಪ್ರಶ್ನೆ ಎಲ್ಲ ಕಡೆ ಎದುರಾಯಿತು. ಎಷ್ಟೋ ಗೇಟ್‌ಗಳಿಂದ ಉತ್ತರ ಕೊಡದೆ ಬಂದಿದ್ದೇವೆ.

ಅಡ್ವಾನ್ಸ್ ಬಗ್ಗೆ 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡು ತಿಂಗಳ ಬಾಡಿಗೆಯ ಮಿತಿ ಇದೆ. ಆದರೆ ಅದು ಮಾದರಿ ಅಷ್ಟೇ, ರಾಜ್ಯಗಳು ತಾವೇ ಕಾನೂನು ಮಾಡಿಕೊಳ್ಳಬೇಕು. ಗೇಟಿನ ಮುಂದೆ ನಿಂತು ಅದನ್ನು ಹೇಳಿದರೆ ಓನರ್ ನಗ್ತಾರೆ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯೋದು ಬೇರೆ.

ಹೊಸದಾಗಿ ಊರಿಂದ ಬಂದು ಪೀಣ್ಯದ ಫ್ಯಾಕ್ಟರಿಗೆ ನಡೆದು ಹೋಗುವ ಗಂಡ ಹೆಂಡತಿಗೆ ವಠಾರವೇ ಸರಿ. ಅವರ ಮನೆಯಲ್ಲಿ ಎರಡು ಬಲ್ಬು, ಒಂದು ಫ್ಯಾನು. ಸಬ್ ಮೀಟರ್ ಅಷ್ಟೇನೂ ಕಚ್ಚಲ್ಲ. ಲೀಸ್, ಊರಲ್ಲಿ ಜಮೀನು ಮಾರಿದ ದುಡ್ಡು ಬ್ಯಾಂಕಲ್ಲಿ ಕೂತಿರುವವರಿಗೆ. ಮನೆಯಲ್ಲೇ ಮೆಷಿನ್ ಇಟ್ಟು ದುಡಿಯುವವರು ನಮ್ಮ ಹಾಗೆ ದೂರ ಹೋಗಿ. ಆಷಾಢದಲ್ಲಿ ಹುಡುಕಿ. ಆ ತಿಂಗಳು ಹೆಚ್ಚಿನವರು ಮನೆ ಬದಲಿಸಲ್ಲ, ಖಾಲಿ ಬಿದ್ದ ಮನೆ ನೋಡಿ ಓನರ್ ಇಳಿಯುತ್ತಾರೆ. ನಮಗೆ 70,000 ಹೇಳಿದ್ದ ಅಡ್ವಾನ್ಸ್ 50,000ಕ್ಕೆ ಬಂತು. ಆಷಾಢದಲ್ಲಿ ಅಗ್ರಿಮೆಂಟ್ ಮಾಡಿಕೊಂಡು, ಶ್ರಾವಣದ ಮೊದಲ ಶುಕ್ರವಾರ ಹಾಲು ಉಕ್ಕಿಸಿದೆವು. ನಡುವಿನ ದಿನಗಳಿಗೆ ಬಾಡಿಗೆ ಹಿಡಿಯಲಿಲ್ಲ.